ಹುರಿ ನೆನೆಸದೆ ಹೊಲಿದ ಫ್ರಾಕು

ಮಿಷನ್ ತಾನಾಗಿ ಹೊಲಿಯುವುದಿಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ನಿಮ್ಮ ರವಿಕೆಯ ಕತ್ತಿನಂಚಿಗೆ ಹುರಿ ತುಂಬಿ ಪೈಪಿಂಗ್ ಕೊಡುವುದೂ, ಮಗುವಿನ ಫ್ರಾಕಿನ ಎದೆಗೆ ಅಕ್ಕಿಕಾಳಿನಷ್ಟೂ ಅಗಲವಿಲ್ಲದ ನೆರಿಗೆ ಹಿಡಿಯುವುದೂ ಯಾರದೋ ಕೈ.

ದಟ್ಟಗಳ್ಳಿಯ ಸೋಮಮ್ಮನದು ಅಂಥ ಕೈ. ಮದುವೆಯಾಗಿ ನಂಜನಗೂಡು ಕಡೆಯ ಹಳ್ಳಿಯಿಂದ ಮೈಸೂರಿನ ಈ ಬಡಾವಣೆಗೆ ಬಂದಾಗ ಆಕೆಗೆ ಗುಂಡಿ ಹೊಲಿಯುವುದಷ್ಟೇ ಬರುತ್ತಿತ್ತು. ಪಕ್ಕದ ಮನೆಯ ಬೀರಮ್ಮನ ಕಾಲು ಮಿಷನ್ನಿನಲ್ಲಿ ಹಳೇ ಪಂಚೆಯ ತುಂಡುಗಳನ್ನು ಹೊಲಿದು ಹೊಲಿದು ಕಲಿತಳು. ಈಗ ಮುಂಬಾಗಿಲ ಪಕ್ಕ ಸ್ವಂತ ಮೋಟಾರ್ ಮಿಷನ್ ಇದೆ, ಅದಕ್ಕೆ ಜೋಡಿ ಸೂಜಿ ಇದೆ. ಬಟ್ಟೆಯಡಿ ಸಣ್ಣ ಹತ್ತಿ ಹುರಿ ಬಿಟ್ಟು, ಎರಡು ಸೂಜಿಗಳ ನಡುವೆ ಅದು ಕೂರುವಂತೆ ಹೊಲಿದರೆ ನೆರಿಗೆ ಗೆರೆಗೆರೆಯಾಗಿ ಉಬ್ಬಿ ನಿಲ್ಲುತ್ತದೆ. ಆದರೆ ಹುರಿಯನ್ನು ಮೊದಲು ಬಿಸಿನೀರಲ್ಲಿ ನೆನೆಸಿ ಒಣಗಿಸಲೇಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಹುರಿ ಕುಗ್ಗಿ ಬಟ್ಟೆಯನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಆ ಮನೆಯ ತಂತಿಯ ಮೇಲೆ ಯಾವಾಗಲೂ ಹುರಿ.

"ಏನಮ್ಮೀ, ಶಾವಿಗೆ ಒಣಗ್ತಾ? ಪಾಯಸ ಯಾವಾಗ?" ಎಂದು ಗಂಡ ಚಿಕ್ಕಣ್ಣ ರೇಗಿಸುತ್ತಾನೆ.

ಹೊಲಿದದ್ದೆಲ್ಲ ಹೋಗುವುದು ಯಾದವಗಿರಿಯಲ್ಲಿರುವ ಶರಣ್ಯಾ ಅವರ ಬಟ್ಟೆ ಅಂಗಡಿಗೆ. ಗಿರಾಕಿಗಳು ನೆರಿಗೆ ಮುಟ್ಟಿ ಹೊಗಳಿದರೆ "ನಮ್ಮದೇ ಡಿಸೈನ್" ಎಂದು ಶರಣ್ಯಾ ನಗುತ್ತಾರೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಇಷ್ಟು ವರ್ಷ ಹೊಲಿದರೂ ಆ ಅಂಗಡಿಯೊಳಗೆ ಸೋಮಮ್ಮ ಎಂಬ ಹೆಸರು ಕೇಳಿಬಂದಿರಲಿಲ್ಲ. ಒಂದು ಸಲವಾದರೂ ಗಿರಾಕಿಯ ಎದುರು ತನ್ನ ಹೆಸರು ಹೇಳಲಿ ಎಂಬುದು ಆಕೆಯ ಆಸೆ. ಗಂಡನ ಮುಂದೆಯೂ ಬಾಯಿ ಬಿಟ್ಟು ಹೇಳದ ಆಸೆ.

ಕಳೆದ ಆಷಾಢದಲ್ಲಿ ಕೃಷ್ಣಮೂರ್ತಿಪುರಂನ ಕಮಲಮ್ಮ ಮೊಮ್ಮಗಳ ಹುಟ್ಟುಹಬ್ಬಕ್ಕೆ ತೆಳ್ಳನೆಯ ಬಿಳಿ ಮಲ್ ಬಟ್ಟೆಯ ಫ್ರಾಕು ಬೇಕೆಂದು ಅಂಗಡಿಗೆ ಬಂದರು. ವಾರವಿಡೀ ಮೋಡ. ನೆನೆಸಿದ ಹುರಿ ಒಣಗುತ್ತಿಲ್ಲ. ಶರಣ್ಯಾ ಬಿಡುವು ಕೊಡದೆ ಫೋನ್ ಮಾಡುತ್ತಿದ್ದಾರೆ. ಒಂದ್ಸಲಕ್ಕೇನಾಯ್ತದೆ ಬುಡು ಎಂದುಕೊಂಡು ಸೋಮಮ್ಮ ಹೊಸ ಉಂಡೆಯಿಂದ ಹುರಿ ಕತ್ತರಿಸಿ ಹಾಗೇ ಹೊಲಿದುಬಿಟ್ಟಳು. ಹುಟ್ಟುಹಬ್ಬಕ್ಕೆ ಬಂದವರೆಲ್ಲ ಫ್ರಾಕು ಮೆಚ್ಚಿದರು. ಆಮೇಲೆ ಅದನ್ನು ಒಗೆದರು.

ಸೋಮಮ್ಮ ರವಿಕೆಗಳನ್ನು ಕೊಡಲು ಅಂಗಡಿಗೆ ಹೋಗಿದ್ದಾಗಲೇ ಕಮಲಮ್ಮ ಫ್ರಾಕು ಹಿಡಿದು ಬಂದರು.

"ನೋಡ್ರೀ ಶರಣ್ಯಾ, ಮಗು ಎದೆ ಮೇಲೆ ಹಪ್ಪಳ ಸುಟ್ಟಿಟ್ಟ ಹಾಗಿದೆ."

"ಅಯ್ಯೋ, ಇದು ನಾನು ಮಾಡಿದ್ದಲ್ಲ ಮೇಡಂ. ನಮ್ಮ ಟೈಲರ್, ಸೋಮಮ್ಮ ಅಂತ. ಇವರೇ."

ಬಂತು ಹೆಸರು.

ಸೋಮಮ್ಮ ಫ್ರಾಕು ಈಸಿಕೊಂಡು ಒಳಬದಿಯನ್ನು ಹೆಬ್ಬೆರಳಿಂದ ಸವರಿ ನೋಡಿದಳು.

"ತಪ್ಪು ನಂದೇ ಕಣಮ್ಮ. ಹುರಿ ನೆನೆಸ್ದೆ ಹೊಲ್ದ್ಬುಟ್ಟೆ. ಎದೆ ಭಾಗ ಬಿಚ್ಚಿ ಹೊಸ ಬಟ್ಟೆ ಹಾಕ್ಕೊಡ್ತೀನಿ." ಆಮೇಲೆ ಶರಣ್ಯಾ ಕಡೆ ತಿರುಗಿದಳು. "ನೀವು ಹೆಸ್ರು ಹೇಳಿದ್ದು ಸರೀನೇ ಮೇಡಂ. ಅಂಗೇ, ಚೆನ್ನಾಗ್ ಬಂದಾಗ್ಲೂ ಹೇಳ್ಬುಡಿ."

ಶರಣ್ಯಾ ಮುಖ ಬಿಗಿಯಿತು. "ನಾನೇನು ಬಚ್ಚಿಟ್ಟಿದ್ದೀನಾ ಸೋಮಮ್ಮ? ಚೆನ್ನಾಗಿದ್ದಾಗ ಯಾರು ಹೊಲಿದ್ರು ಅಂತ ಯಾರೂ ಕೇಳಲ್ಲ ಕಣ್ರೀ. ಕೇಳಿದ್ರೆ ಹೇಳ್ತೀನಿ."

ಕಮಲಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಅವರೂ ಕೇಳಿರಲಿಲ್ಲ.

ಫ್ರಾಕು ಸರಿಯಾಯಿತು. ಈ ಸಲ ಹುರಿ ಒಲೆಯ ಪಕ್ಕ ಒಣಗಿತು. ಸೋಮಮ್ಮ ಈಗಲೂ ರವಿಕೆಗಳನ್ನು ಕೊಡಲು ಹೋದಾಗ ಅಂಗಡಿಯಲ್ಲಿ ಬೇಕೆಂದೇ ಒಂದಿಷ್ಟು ಹೊತ್ತು ನಿಲ್ಲುತ್ತಾಳೆ, ಯಾರಾದರೂ ಕೇಳಬಹುದೇನೋ ಎಂದು. ಇನ್ನೂ ಯಾರೂ ಕೇಳಿಲ್ಲ.

ಶರಣ್ಯಾ ಅವರನ್ನು ಬೈದು ನೀವು ನುಣುಚಿಕೊಳ್ಳಬೇಡಿ. ಯಾರೂ ಕೇಳಲ್ಲ ಎಂದು ಅವರು ಹೇಳಿದ್ದು ನಿಮ್ಮ ಬಗ್ಗೆ. ಮುಂದಿನ ಸಲ ಬಟ್ಟೆ ಚೆನ್ನಾಗಿ ಬಂದ ದಿನವೇ, ಅಂಗಡಿಯೊಳಗೆ ನಿಂತು, ನಾಲ್ಕು ಜನಕ್ಕೆ ಕೇಳಿಸುವ ಹಾಗೆ ಕೇಳಿ: ಇದನ್ನು ಹೊಲಿದವರ ಹೆಸರೇನು? ಉತ್ತರ ಸಿಗುವ ತನಕ ಅಲ್ಲಿಂದ ಕದಲಬೇಡಿ.