ಮೆಟ್ಟಿಲ ಕೆಳಗಿನ ಗಾಡಿಯ ಬೆಲೆ

ಕಿಕ್ ಕೆಳಗೆ ಹೋಗದಿದ್ದಾಗ ನನಗಾದ ಸಂತೋಷವನ್ನು ಇಷ್ಟು ವರ್ಷಗಳಲ್ಲಿ ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಹೇಳಿಕೊಳ್ಳುವಂಥ ಸಂತೋಷವೂ ಅದಲ್ಲ.

ಚಿಂತೆ ಮಾಡುವುದರಲ್ಲಿ ನಾನು ಪಳಗಿದವನು. ಗೋರೆಗಾಂವ್‌ನಲ್ಲಿ ಲೋಕಲ್ ಹತ್ತಿದರೆ ಅಂಧೇರಿ ಬರುವಷ್ಟರಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆ ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಗ್ಯಾಸ್ ಮುಟ್ಟುವವಳು ನನ್ನ ಹೆಂಡತಿ. ನಾನು ಅದನ್ನು ಹಚ್ಚಿದ್ದೇ ಇಲ್ಲ. ಇಂಥ ಮನುಷ್ಯನಿಗೆ ಒಂಬತ್ತು ವರ್ಷಗಳಿಂದ ಸ್ಟಾರ್ಟ್ ಆಗದ, ಯುದ್ಧದ ಕಾಲದ ಇಂಗ್ಲಿಷ್ ಮೋಟಾರ್ ಸೈಕಲ್ಲಿನ ಮೇಲೆ ಆಸೆ ಹುಟ್ಟಬಾರದಿತ್ತು.

ಗಾಡಿ ನಮ್ಮ ಹಳೆಯ ಚೀಫ್ ಡ್ರಾಫ್ಟ್ಸ್‌ಮನ್ ಅವರದು. ನಾನು ಅವರನ್ನು ಕರೆಯುತ್ತಿದ್ದುದು ಸರ್ ಎಂದು. ಇಲ್ಲಿಯೂ ಹಾಗೆಯೇ ಇರಲಿ. ಬೆಂಗಳೂರಿನವರು. ನಾನು ಮೈಸೂರಿನಿಂದ ಬಂದು ಅವರ ಕೈಕೆಳಗೆ ಸೇರಿದ ಮೊದಲ ತಿಂಗಳಲ್ಲೇ ಜ್ವರ ಹಿಡಿದು ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದೆ. ಅವರು ಆ ಗಾಡಿಯ ಹಿಂದೆ ನನ್ನನ್ನು ಕೂರಿಸಿಕೊಂಡು ಗೋರೆಗಾಂವ್‌ನ ಚಾಳಿನವರೆಗೆ ಬಿಟ್ಟುಬಂದರು. ದಾರಿಯುದ್ದಕ್ಕೂ ನನ್ನ ಹಣೆ ಅವರ ಬೆನ್ನಿಗೆ ಒರಗಿತ್ತು. ಗಾಡಿಯ ಡುಗ್‌ಡುಗ್ ಸದ್ದು ಎಲುಬಿನೊಳಗೆ ಇಳಿಯುತ್ತಿತ್ತು. ಆಸೆ ಅಲ್ಲಿಂದ ಬಂದದ್ದು.

ಸರ್ ಕೆಲಸ ಮಾಡಿಸುತ್ತಿದ್ದ ರೀತಿಯನ್ನು ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಡ್ರಾಯಿಂಗ್‌ನಲ್ಲಿ ತಪ್ಪು ಕಂಡರೆ ಅವರು ತಪ್ಪು ಎಂದು ಹೇಳುತ್ತಿರಲಿಲ್ಲ. ನಾವು ಬರೆದ ಅಳತೆಯನ್ನು ನಮಗೇ ಓದಿ ಹೇಳುತ್ತಿದ್ದರು. "ಹನ್ನೆರಡಾ?" ಅಷ್ಟೇ. ಹಾಳೆಯನ್ನು ಎತ್ತಿಕೊಂಡು ನಮ್ಮ ಮೇಜಿಗೆ ಹಿಂತಿರುಗಿ ಇನ್ನೊಮ್ಮೆ ಅಳೆಯುವುದು ನಮ್ಮ ಕೆಲಸ. ಹದಿನಾಲ್ಕು ವರ್ಷ ನಾನು ಹಾಗೆ ಹಿಂತಿರುಗಿ ಅಳೆದಿದ್ದೇನೆ. ಒಮ್ಮೆಯೂ ಆ ಪ್ರಶ್ನೆ ಸುಮ್ಮನೆ ಬಂದದ್ದಲ್ಲ.

ರಿಟೈರ್ ಆದ ಮೇಲೆ ಅವರ ಕಣ್ಣು ಹೋಗುತ್ತಾ ಬಂತು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಮನುಷ್ಯರು ಆಕಾರವಾಗಿ ಕಾಣುತ್ತಿದ್ದರು. ಗಾಡಿ ಮಾಟುಂಗದ ಅವರ ಬಿಲ್ಡಿಂಗ್‌ನ ಮೆಟ್ಟಿಲ ಕೆಳಗೆ ತಾಡಪಾಲು ಹೊದ್ದು ನಿಂತಿತ್ತು. ಆ ಜಾಗದಲ್ಲಿ ನೀರಿನ ಪಂಪ್ ಕೂರಿಸುತ್ತೇವೆ, ಗಾಡಿ ತೆಗೆಯಿರಿ ಎಂದು ಸೊಸೈಟಿಯವರು ನೋಟಿಸು ಹಚ್ಚಿದರು. ಸರ್ ಆಫೀಸಿಗೆ ಫೋನ್ ಮಾಡಿದರು.

"ಭಂಗಾರದವನಿಗೆ ಗುಜರಿ ತೂಕಕ್ಕೆ ಕೊಡೋಕೆ ಮನಸ್ಸಿಲ್ಲ ಕಣಯ್ಯ. ನೀನು ತಗೋತೀಯಾ?"

"ಬೆಲೆ ಸರ್?"

"ನೀನೇ ಬಂದು ನೋಡಿ ಹೇಳು. ನಂಗೇನು ಕಾಣುತ್ತೆ?"

ನಮ್ಮವರ ವ್ಯಾಪಾರದ ಕಷ್ಟವೇ ಇದು. ಈ ಊರಿನ ಅಂಗಡಿಯವನು ಒಂದು ಬೆಲೆ ಹೇಳುತ್ತಾನೆ, ನಾವು ಅರ್ಧಕ್ಕೆ ಕೇಳುತ್ತೇವೆ, ಅವನು ನಮ್ಮನ್ನು ಬೈಯುತ್ತಾನೆ, ಸಾಮಾನು ಕೊಡುತ್ತಾನೆ. ಯಾರಿಗೂ ಪಾಪ ತಟ್ಟುವುದಿಲ್ಲ. ಪರಿಚಯದವರೊಳಗೆ ಮಾತ್ರ ಮಾರುವವನು ಬಾಯಿ ಬಿಡುವುದಿಲ್ಲ. ನೀವೇ ಹೇಳಿ ಎಂದುಬಿಡುತ್ತಾನೆ. ಅಲ್ಲಿಗೆ ಗಾಡಿಯ ಬೆಲೆಯ ಜೊತೆಗೆ ಹೇಳುವವನ ಬೆಲೆಯೂ ಗೊತ್ತಾಗುತ್ತದೆ.

ನಾನು ಗ್ರಾಂಟ್ ರೋಡಿನ ಗಲ್ಲಿಯೊಂದರಲ್ಲಿ ಹಳೆಯ ಗಾಡಿಗಳನ್ನೇ ಬಿಚ್ಚುತ್ತಿದ್ದ ಮಂಗಳೂರಿನ ಮೆಕ್ಯಾನಿಕ್ ಒಬ್ಬನನ್ನು ಹೋಗಿ ಕೇಳಿದೆ. ಆತ ಕೈ ಒರೆಸಿಕೊಳ್ಳುತ್ತಾ ಹೇಳಿದ: "ಕಿಕ್ ಕೆಳಗೆ ಹೋಗ್ತದಾ ನೋಡಿ ಮಾರಾಯ್ರೆ. ಹೋದ್ರೆ ಇಂಜಿನ್ ಜೀವ ಉಂಟು, ಎಂಟು ಸಾವಿರ ಕೊಡಿ, ನ್ಯಾಯದ ರೇಟು. ಹೋಗದಿದ್ರೆ ಒಳಗೆ ಜಾಮ್. ಎರಡೂವರೆ. ಅದೂ ಭಂಗಾರಕ್ಕಿಂತ ಜಾಸ್ತಿಯೇ."

ಪ್ರಾವಿಡೆಂಟ್ ಫಂಡ್‌ನಿಂದ ಎಂಟು ಸಾವಿರ ತೆಗೆದೆ. ಹೆಂಡತಿಗೆ ಹೇಳದೆ ಇರಲಾಗಲಿಲ್ಲ.

"ಓಡದ ಗಾಡಿಗೆ ಎಂಟು ಸಾವಿರಾನಾ? ಎಲ್ಲಿಡ್ತೀರ, ಬಾತ್‌ರೂಮಲ್ಲಾ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಅಂದಳು: "ಆಯ್ತು, ತಗೊಳ್ಳಿ. ಆದ್ರೆ ಅವರ ಹತ್ರ ಚೌಕಾಸಿ ಮಾಡ್ಬೇಡೀಂದ್ರೆ. ನಿಮಗೆ ಆಮೇಲೆ ನಿದ್ದೆ ಬರಲ್ಲ, ನನಗೂ ಬರಗೊಡಲ್ಲ."

ಭಾನುವಾರ ಬೆಳಿಗ್ಗೆ ಮಾಟುಂಗಕ್ಕೆ ಹೋದೆ. ವಾಚ್‌ಮನ್ ನೀರು ಬಿಡಲು ಟೆರೇಸಿಗೆ ಹೋಗಿದ್ದ. ಮೆಟ್ಟಿಲ ಕೆಳಗೆ ನಾನೊಬ್ಬನೇ ತಾಡಪಾಲು ಸರಿಸಿದೆ. ಎರಡೂ ಟಯರು ನೆಲಕ್ಕೆ ಅಂಟಿದ್ದವು, ಹಿಂದಿನ ಚಕ್ರಕ್ಕೆ ಸರಪಳಿ ಬೀಗ. ಟ್ಯಾಂಕಿನ ಮೇಲೆ ಧೂಳೇ ಇರಲಿಲ್ಲ. ಅದನ್ನು ಗಮನಿಸಿದೆ, ಗಮನಿಸಿ ಬಿಟ್ಟೆ. ಕಿಕ್ ಮೇಲೆ ಕಾಲಿಟ್ಟು ಒತ್ತಿದೆ. ಕಲ್ಲಿನ ಹಾಗಿತ್ತು. ಮೈಯ ಭಾರವನ್ನೆಲ್ಲ ಹಾಕಿದೆ. ಅಲುಗಲಿಲ್ಲ. ಆಗಲೇ ಆ ಸಂತೋಷವಾದದ್ದು: ಐದೂವರೆ ಸಾವಿರ ಉಳಿಯಿತು.

ಮರುಕ್ಷಣವೇ ತಲೆಗೆ ಬಂತು, ಗಾಡಿ ಗೇರಿನಲ್ಲಿದ್ದರೆ? ನಾನೂ ಹಿಂದೆ ಸ್ಕೂಟರ್ ಇಟ್ಟಿದ್ದವನೇ. ಗೇರಿನಲ್ಲಿದ್ದು ಚಕ್ರ ಕಟ್ಟಿಹಾಕಿದ್ದರೆ ಯಾವ ಕಿಕ್ಕೂ ಕೆಳಗೆ ಹೋಗುವುದಿಲ್ಲ ಎಂದು ಗೊತ್ತಿತ್ತು. ಗೇರ್ ಲಿವರ್ ಬೂಟಿನ ಪಕ್ಕದಲ್ಲೇ ಇತ್ತು. ಗ್ಯಾಸ್ ಆರಿಸಿದೆನೋ ಎಂದು ದಿನಕ್ಕೆ ಮೂರು ಸಲ ಪರೀಕ್ಷಿಸಲು ಒದ್ದಾಡುವವನು, ಜೀವನದಲ್ಲಿ ಆ ಒಂದೇ ಒಂದು ಸಲ ಪರೀಕ್ಷಿಸದೆ ಬಿಟ್ಟೆ. ತಾಡಪಾಲನ್ನು ಹೊದಿಸಿ, ಅಂಚುಗಳನ್ನು ನೀಟಾಗಿ ಮಡಿಸಿ, ಎರಡನೇ ಮಹಡಿಗೆ ಹತ್ತಿದೆ.

ಸರ್ ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಲ್ಲಿದ್ದರು. ಕಾಫಿ ಬಂತು.

"ನೋಡಿದೆಯಾ?"

"ನೋಡಿದೆ ಸರ್. ಕಿಕ್ ಅಲುಗ್ತಿಲ್ಲ."

ಸರ್ ಲೋಟವನ್ನು ಕೆಳಗಿಟ್ಟರು. ನನ್ನ ಕಡೆ, ನನ್ನ ಆಕಾರದ ಕಡೆ, ತಿರುಗಿದರು.

"ಅಲುಗಲ್ವಾ?"

ಆ ದನಿ ನನಗೆ ಗೊತ್ತಿರಲಿಲ್ಲವೇ? ಹದಿನಾಲ್ಕು ವರ್ಷ ಕೇಳಿದ ದನಿ. ಕಾಲುಗಳು ತಾವಾಗಿಯೇ ಎದ್ದು ನಿಲ್ಲಲು ನೋಡಿದವು. ನಾನು ಅವುಗಳನ್ನು ಕೂರಿಸಿದೆ. ಕಾಫಿಯ ತಳದಲ್ಲಿ ಉಳಿದಿದ್ದ ಸಕ್ಕರೆಯನ್ನು ನೋಡುತ್ತಾ, "ಇಲ್ಲ ಸರ್, ಜಾಮ್ ಆದ ಹಾಗಿದೆ" ಎಂದೆ.

"ಹಾಗಾದರೆ ನೀನೇ ಹೇಳು."

"ಮೂರು ಸಾವಿರ ಸರ್."

ಎರಡೂವರೆಯ ಗಾಡಿಗೆ ಮೂರು ಹೇಳಿದ್ದೇನೆ ಎಂದು ನನ್ನ ಔದಾರ್ಯಕ್ಕೆ ನಾನೇ ತಲೆದೂಗಿದೆ. ಸರ್ "ಸರಿ" ಎಂದರು. ಆ ವಾರವಿಡೀ ಹೆಂಡತಿಗೂ ನಿದ್ದೆ ಬರಲಿಲ್ಲ.

ಮುಂದಿನ ಭಾನುವಾರ ಟೆಂಪೋ ಮಾಡಿಕೊಂಡು ಹೋದೆ. ಶರಟಿನ ಜೇಬಿನಲ್ಲಿ ಮೂರು ಸಾವಿರದ ಲಕೋಟೆ. ಪ್ಯಾಂಟಿನ ಒಳಜೇಬಿನಲ್ಲಿ ಉಳಿದ ಐದು. ಒಳ್ಳೆಯವನಾಗುವ ಸಂದರ್ಭ ಬಂದರೆ ಇರಲಿ ಎಂದಿದ್ದಿರಬಹುದು.

ವಾಚ್‌ಮನ್ ಬಿಜಾಪುರದ ಕಡೆಯವನು. ಬೀಗ ತೆಗೆದು ಸರಪಳಿ ಬಿಚ್ಚಿದ. ನಾನು ಹಿಂದಿನಿಂದ ತಳ್ಳಲು ಹೋದೆ.

"ತಡೀರಿ ಸಾಹೇಬ್ರ, ಗೇರಿನ್ಯಾಗ ಐತಿ. ಹಂಗ ನೂಕಿದ್ರ ನಿಮ್ಮ ನಡಾ ಮುರದೀತು, ಗಾಡಿ ಹೋಗಂಗಿಲ್ಲ" ಎಂದು ಕಾಲಿನಿಂದ ಗೇರ್ ಲಿವರ್ ಎತ್ತಿದ. ಆಮೇಲೆ, ನಾನು ಕೇಳದೆಯೇ, ಕಿಕ್ ಒತ್ತಿದ. ಅದು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಸೈಲೆನ್ಸರಿನಿಂದ ಹುಸ್ ಎಂದು ಗಾಳಿ ಬಂತು.

"ಹೆಂಗೈತಿ ನೋಡ್ರಿ. ಪ್ರತಿ ಐತವಾರ ಮುಂಜಾನೆ ಪ್ಲಗ್ ಬಿಚ್ಚಿ ಒಂದು ಚಮಚ ಎಣ್ಣಿ ಬಿಡ್ತೀನ್ರಿ. ಹತ್ತು ಸಲ ಕಿಕ್ ಹೊಡೀತೀನಿ. ಸಾಹೇಬ್ರು ಮೆಟ್ಟಲ ಮ್ಯಾಲ ನಿಂತು ಎಣಿಸ್ತಾರ. ಒಂಬತ್ತಕ್ಕ ಬಿಟ್ರ ಬಿಡಂಗಿಲ್ಲ ಮುದುಕಪ್ಪ."

"ಹೋದ ಭಾನುವಾರ?"

"ಹೋದ ಐತವಾರನೂ ಹೊಡದೀನ್ರಿ. ನೀವು ಬರೂದಕ್ಕ ಒಂದು ತಾಸು ಮೊದಲ."

ಒಂದು ತಾಸು ಮೊದಲು ಹತ್ತು ಸಲ ಎಣಿಸಿದ ಮನುಷ್ಯನ ಎದುರು ಕೂತು ನಾನು ಕಿಕ್ ಅಲುಗುತ್ತಿಲ್ಲ ಎಂದಿದ್ದೆ. ಟೆಂಪೋದವನು "ಚಲೋ ಸಾಬ್, ಧಂದೇ ಕಾ ಟೈಮ್ ಹೈ" ಎಂದು ಅವಸರ ಮಾಡಿದ. ಗಾಡಿ ಹತ್ತಿಸಿಕೊಂಡು ಹೋಗಿಬಿಡಬಹುದಿತ್ತು. ಬೆಲೆ ಆಗಿಹೋಗಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಹಣ ಕೊಡಲು, ಕಾಗದಕ್ಕೆ ಸಹಿ ಹಾಕಿಸಲು ಹೇಗೂ ಮೇಲೆ ಹೋಗಬೇಕಿತ್ತು. ಆದ್ದರಿಂದ ನನ್ನ ಮನಸ್ಸಾಕ್ಷಿಯೇ ನನ್ನನ್ನು ಮೆಟ್ಟಿಲು ಹತ್ತಿಸಿತು ಎಂದು ಹೇಳಿಕೊಳ್ಳುವಂತಿಲ್ಲ.

"ಸರ್, ಕಿಕ್ ಹೋಗುತ್ತೆ. ಗೇರಲ್ಲಿತ್ತು" ಎಂದೆ, ಬಾಗಿಲಲ್ಲೇ ನಿಂತು.

"ಗೊತ್ತು. ಯಾರೂ ತಳ್ಳಿಕೊಂಡು ಹೋಗಬಾರದು ಅಂತ ನಾನೇ ಗೇರಲ್ಲಿಡಿಸ್ತೀನಿ."

"ಅವತ್ತೇ ಹೇಳಬಹುದಿತ್ತಲ್ಲ ಸರ್."

"ಕೇಳಿದೆನಲ್ಲಯ್ಯ," ಎಂದರು, ಸ್ವಲ್ಪವೂ ಕೋಪವಿಲ್ಲದೆ. "ನೀನು ಕೆಳಗೆ ಹೋಗಿ ಇನ್ನೊಂದು ಸಲ ನೋಡ್ಕೊಂಡು ಬರ್ತೀಯ ಅಂತ ಕಾಯ್ತಾ ಇದ್ದೆ. ನೀನು ಕಾಫಿ ಕುಡೀತಾ ಕೂತೆ."

ನಾನು ಏನು ಹೇಳಿದೆ ಎಂಬುದು ನೆನಪಿಲ್ಲ. ತಪ್ಪಾಯಿತು ಎಂದಿರಬೇಕು. ಅವರು ಕೈಯಾಡಿಸಿ ಅದನ್ನು ಅಲ್ಲಿಗೇ ಬಿಟ್ಟರು. "ಸರಿ, ಈಗ ನೋಡಿದೆಯಲ್ಲ. ಈಗ ಹೇಳು, ಎಷ್ಟು?"

ಎಂಟು ಎಂದು ಹೇಳಲು ನಾಲಿಗೆ ಎತ್ತಿದೆ. ಹಣ ತೊಡೆಯ ಪಕ್ಕದಲ್ಲೇ ಇತ್ತು. ಆಗ ತಲೆಯೊಳಗೆ ಟಯರು ಬಂದವು, ಟ್ಯೂಬು ಬಂದವು, ಟೆಂಪೋ ಬಾಡಿಗೆ ಬಂತು, ಸಿಗದ ಇಂಗ್ಲಿಷ್ ಸ್ಪೇರ್ ಪಾರ್ಟುಗಳು ಸಾಲಾಗಿ ಬಂದು ನಿಂತವು. ಮೂರರಿಂದ ಮೇಲೆ ಹೋದರೆ ಸಾಕು, ಅದೇ ದೊಡ್ಡದು ಎಂದು ಯಾರೋ ಒಳಗಿನಿಂದ ವಕಾಲತ್ತು ವಹಿಸಿದ.

"ಆರು ಸರ್," ಎಂದೆ.

"ಆಗಲಿ." ಅವರ ಮುಖ ಬೆಳಗಿತು. ನಿಜವಾಗಿಯೂ ಸಂತೋಷಪಟ್ಟರು. ಮೂರಕ್ಕೆ ಇಳಿದಿದ್ದ ಶಿಷ್ಯ ತನ್ನಷ್ಟಕ್ಕೆ ತಾನೇ ಎರಡು ಪಟ್ಟು ಏರಿದನಲ್ಲ ಎಂದು. ಒಳಗೆ ಕೂಗಿ ಹೆಂಡತಿಗೆ ಹೇಳಿದರು: "ನೋಡೇ, ನಮ್ಮ ಹುಡುಗ ನ್ಯಾಯವಾಗಿ ಕೊಟ್ಟ." ನನಗಾಗ ನಲವತ್ತೈದಾಗಿತ್ತು.

ಮಾರಾಟದ ಕಾಗದವನ್ನು ನಾನೇ ಟೈಪ್ ಮಾಡಿಸಿ ತಂದಿದ್ದೆ. ಮೊತ್ತದ ಜಾಗವನ್ನು ಖಾಲಿ ಬಿಟ್ಟಿದ್ದೆ. ಸರ್ ಪೆನ್ನು ಹಿಡಿದು ಕಾಗದದ ಮೇಲೆ ಬೆರಳಾಡಿಸಿದರು. ನಾನು ಅವರ ತೋರುಬೆರಳನ್ನು ಹಿಡಿದು ಸಹಿಯ ಗೆರೆಯ ಮೇಲಿಟ್ಟೆ.

"ಇಲ್ಲೇನಾ?"

"ಇಲ್ಲೇ ಸರ್."

ಅವರು ಸಹಿ ಹಾಕಿದರು. ಗೆರೆ ಬಿಟ್ಟು ಸ್ವಲ್ಪ ಮೇಲೆ ಹೋಯಿತು. "ಮೊತ್ತ ನೀನೇ ಬರೆದುಕೋ" ಎಂದು ಕಾಗದವನ್ನು ನನ್ನ ಕಡೆ ಸರಿಸಿದರು.

ಖಾಲಿ ಜಾಗ ನನ್ನ ಎದುರಿಗಿತ್ತು. ಅಲ್ಲಿ ಎಂಟು ಎಂದು ಬರೆದು, ಎಂಟು ಎಣಿಸಿಕೊಟ್ಟು, ಹಿಂದಿನ ಮಾತು ಮರೆತುಬಿಡಿ ಸರ್ ಎಂದಿದ್ದರೆ ಅವರು ನಗುತ್ತಿದ್ದರು. ನಾನು ಅವರ ಕೈಯಿಂದ ಪೆನ್ನು ತೆಗೆದುಕೊಂಡೆ. ಆಮೇಲೆ ಅಂಕಿಯಲ್ಲೊಮ್ಮೆ, ಅಕ್ಷರದಲ್ಲೊಮ್ಮೆ ಆರು ಸಾವಿರ ಎಂದು ಬರೆದೆ. ಬರವಣಿಗೆ ಬಹಳ ಅಂದವಾಗಿ ಬಂದಿತ್ತು. ಕಲಿಸಿದವರು ಅವರೇ.