ಶಟರ್ ಹಿಂದಿನ ಅಮೆರಿಕ

ಗೆಳೆಯರೇ, ಅವ್ವ ತೀರಿಕೊಂಡು ಇಂದಿಗೆ ವರ್ಷ. ಎಡೆ ಇಡಲು ರಜೆ ಕೇಳಿದರೆ ತಾಂಡೂರಿನ ನಮ್ಮ ಅಕೌಂಟ್ಸ್ ಆಫೀಸಿನ ಸಾಹೇಬರು, "ಅಮೆರಿಕದಾಗ ಲೆಕ್ಕ ಬರ್ಯಾಕ ಮಂದಿ ಸಿಗವಲ್ರು ಅಂತ ನಮಗ ಕೆಲಸ ಕೊಟ್ಟಾರ. ರಜಾ ಇಲ್ಲ," ಎಂದರು. ತೆಲಂಗಾಣ ಬಂದ್ ಇದ್ದರೂ ಶಟರ್ ಇಳಿಸಿ ನಮ್ಮನ್ನು ಒಳಗೆ ಕೂರಿಸಿದರು.

ಬಂದ್ ಕರೆದ ಚಳವಳಿಯವರು ಬಂದು ಶಟರ್ ಬಡಿದಾಗ ಸಾಹೇಬರು ತುಟಿಗೆ ಬೆರಳಿಟ್ಟರು. ಎಂದೂ ಬಾಯಿ ಬಿಡದ ನಾನು ಕೂಗಿದೆ: "ಒಳಗ ಅದೀವ್ರಿ ಅಣ್ಣಾ!"

ಶಟರ್ ಎದ್ದಿತು. "ಇದು ಅಮೆರಿಕದ ಕೆಲಸರಿ," ಎಂದು ಸಾಹೇಬರು ಗೋಗರೆದರು.

"ಹಂಗಾದ್ರ ಅಮೆರಿಕಾನೂ ಬಂದ್ ಮಾಡ್ರಿ!" ಎಂದರು ಚಳವಳಿಯವರು.

ಅಲ್ಲಿ ಆಗ ರಾತ್ರಿಯಾಗಿದ್ದರೂ ಸಾಹೇಬರು ಅಮೆರಿಕದ ಆಫೀಸಿಗೆ ಫೋನ್ ಮಾಡಿದರು. ನೀವಿಲ್ಲದೆ ನಮ್ಮ ಕೆಲಸವೂ ನಡೆಯದು, ಒಂದು ದಿನ ನಾವೂ ನಿಲ್ಲಿಸುತ್ತೇವೆ ಎಂದರಂತೆ ಅಲ್ಲಿಯ ಮೇಡಂ.

ಮಧ್ಯಾಹ್ನ ಮನೆಗೆ ಬಂದು ಅವ್ವನ ಫೋಟೋ ಮುಂದೆ ಬಿಸಿ ರೊಟ್ಟಿ, ಪುಂಡಿಪಲ್ಯ ಇಟ್ಟೆ. ತಾಂಡೂರು ಪೂರ್ತಿ ಬಂದ್ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಅಮೆರಿಕದ ಸುದ್ದಿ ಅವರಿಗಿನ್ನೂ ಮುಟ್ಟಿಲ್ಲ.