ಮೋಲ್ಡಿನ ಹಿಂದಿನ ಸಂಜೆ

ತಾರಸಿಗೆ ಕಾಂಕ್ರೀಟ್ ಸುರಿಯುವುದಕ್ಕೆ ಮೋಲ್ಡ್ ಹಾಕುವುದು ಅನ್ನುತ್ತಾರೆ. ಮದುವೆ ಇದ್ದ ಹಾಗೆ, ಶುರುವಾದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ತಯಾರಿಯೇ ಅರ್ಧ ಕೆಲಸ. ಆ ತಯಾರಿಯಲ್ಲಿ ಮೇಸ್ತ್ರಿ ಹುಸೇನಪ್ಪ ಎತ್ತಿದ ಕೈ. ಯಾದಗಿರಿ ಕಡೆಯಿಂದ ಗಾರೆ ಹೊರಲು ಬಂದವನು, ಜೋಗುಪಾಳ್ಯದ ಬಾಡಿಗೆ ಕೋಣೆಯಲ್ಲಿದ್ದುಕೊಂಡೇ ಮೇಸ್ತ್ರಿಯಾದ. ಇಂದಿರಾನಗರದ ಪಂಚಾಕ್ಷರಿಯವರ ಮನೆ ಅವನು ಸ್ವಂತವಾಗಿ ಹಿಡಿದ ಮೊದಲ ಕೆಲಸ.

ಭಾನುವಾರ ಮೋಲ್ಡ್ ಎಂದು ಮನೆಯವರಿಗೆ ಹೇಳಿದ, ಪಕ್ಕದ ಮನೆಗೆ ಹೇಳಿದ, ತಿಂಡಿ ತರುವ ಬಾಲಮ್ಮನಿಗೂ ಹೇಳಿದ. ಮೋಲ್ಡಿನ ತನಕ ಕೆಲಸವಿಲ್ಲದ ತನ್ನೂರಿನ ಆಳುಗಳಿಗೆ ಮಾತ್ರ ಹೇಳಲಿಲ್ಲ. ನಮ್ಮ ಹುಡುಗರೇ ತಾನೆ, ಹಿಂದಿನ ಸಂಜೆ ಹೇಳಿದರಾಯಿತು ಎಂದುಕೊಂಡ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ.

ಮಿಕ್ಸರ್ ಬಾಡಿಗೆಗೆ ಕೊಡುವ ಶಿವಾಜಿನಗರದ ಫಹೀಮ್ ಆಗಲೇ ಕೇಳಿದ್ದ. "ಭಾನುವಾರ ಮೊಹರಂ ಅಲ್ವಾ ಹುಸೇನಪ್ಪ, ಜನ ಸಿಗ್ತಾರಾ?"

"ಅದು ನಿಮ್ ಹಬ್ಬ ಭಾಯ್. ನಮ್ಮೋರು ಬರ್ತಾರೆ."

ಶನಿವಾರ ಸಂಜೆ ಫಹೀಮ್ ಮಿಕ್ಸರ್ ತಂದು ನಿಲ್ಲಿಸಿದ. ಮರಳು, ಜಲ್ಲಿ, ಸಿಮೆಂಟು ಎಲ್ಲ ಸಿದ್ಧವಿತ್ತು. ಹುಸೇನಪ್ಪ ಆಳುಗಳ ಮುಂದಾಳು ರಾಮುಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ಆ ಕಡೆ ಯಾರೋ ಹಲಗೆವಾದ್ಯ ಬಾರಿಸುತ್ತಿದ್ದರು.

"ಎಲ್ಲಿದ್ದೀರೋ?"

"ಊರಾಗ ಅಣ್ಣಾ. ಎಲ್ಲಾರೂ ಬಂದೀವಿ. ನಿಮ್ಮನ್ನೇ ಕಾಯ್ಲಾಕತ್ತೀವಿ."

"ಒಂದ್ ಮಾತು ಹೇಳಬಾರದೇನು?"

"ಅಲಾಯಿ ದೇವ್ರು ಏಳೋ ದಿನ ನಿಮಗ ನಾವು ಹೇಳಾದೇನ್ರಿ?"

ಅವರ ಊರಿನಲ್ಲಿ ಮೊಹರಂ ಎಲ್ಲ ಜಾತಿಯವರ ಹಬ್ಬ, ಅಂದು ಮೆರವಣಿಗೆ ಹೊರಡುವ ಅಲಾಯಿ ದೇವರು ಎಲ್ಲರ ದೇವರು. ಹುಟ್ಟಿದ ಮಕ್ಕಳು ಉಳಿಯದೆ, ತಾಯಿ ಮಾನಮ್ಮ ಆ ಹುಸೇನಿ ದೇವರಿಗೆ ಹರಕೆ ಹೊತ್ತು ಪಡೆದ ಮಗ ಹುಸೇನಪ್ಪ. ಅದಕ್ಕೇ ಆ ಹೆಸರು. ಪ್ರತಿ ಮೊಹರಮ್ಮಿಗೂ ಅವನ ಕೈಯಿಂದ ದೇವರ ಮುಂದೆ ಸಕ್ಕರೆ ಇಡಿಸಿ, ಮುಲ್ಲಾನಿಂದ ಪ್ರಾರ್ಥನೆ ಹೇಳಿಸಿ ಓದಿಸುತ್ತಿದ್ದಳು. ಸಾಯುವಾಗ ಮಗನಲ್ಲಿ ಕೇಳಿಕೊಂಡದ್ದೂ ಅದೊಂದನ್ನೇ. ಹೋದ ವರ್ಷ ಕೆಲಸವೆಂದು ತಪ್ಪಿಸಿಕೊಂಡಿದ್ದ. ಈ ವರ್ಷ ಹಬ್ಬವನ್ನೇ ಫಹೀಮನದು ಮಾಡಿ ಕೈತೊಳೆದುಕೊಂಡಿದ್ದ. ನಾಚಿಕೆಯಿಂದ ಅವನ ಮೈಯೆಲ್ಲ ಹಿಡಿಯಷ್ಟಾಯಿತು. ಪಂಚಾಕ್ಷರಿಯವರಿಗೆ ಏನು ಹೇಳುವುದೆಂಬ ಚಿಂತೆ ಕೂಡ ಹೊಳೆಯಲಿಲ್ಲ. ಫಹೀಮನ ಮುಖ ನೋಡಲಾರದೆ ಮಿಕ್ಸರಿನ ಚಕ್ರ ನೋಡುತ್ತ ನಿಂತ.

"ಮಾನಮ್ಮವ್ವನ ಹೆಸರೀಲೆ ಸಕ್ಕರಿ ತಂದಿಟ್ಟೀವಿ ಅಣ್ಣಾ. ನೀವು ಬರಂಗಿಲ್ಲಂದ್ರ ನಾವೇ ಓದಸ್ತೀವಿ. ಕೆಲಸ ಬಿತ್ತೇನ್ರಿ?"

ನೆಪವನ್ನು ರಾಮುವೇ ಕೈಗಿಟ್ಟಿದ್ದ. ಹೂಂ ಅಂದರೆ ಮುಗಿಯುತ್ತಿತ್ತು.

"ಇಲ್ಲೋ ರಾಮು," ಎಂದ ಹುಸೇನಪ್ಪ. "ನಾ ಮರ್ತಿದ್ದೆ. ಹಂಗಂತ ದೇವ್ರ ಮುಂದ ಹೇಳೇ ಓದ್ಸು."